ಎರಡು ಗುಂಡು ಕಡಿಮೆ

ರೈಫಲ್ ಕಾರ್ಖಾನೆಯಲ್ಲಿ ಸ್ಪ್ರಿಂಗಕ್ಕ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಹದಿನೆಂಟು ವರ್ಷದಿಂದ ಅವಳದು ಒಂದೇ ಕೆಲಸ: ಗುಂಡು ತುಂಬುವ ಮ್ಯಾಗಜಿನ್ ಡಬ್ಬಿಯೊಳಗೆ ಕೂತು ಅವುಗಳನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗನ್ನು ಒತ್ತುವುದು, ಬಿಡುವುದು, ಅಳೆಯುವುದು. ಗಂಡನ ನಾಡಿಯನ್ನಾದರೂ ತಪ್ಪು ಹೇಳಿಯಾಳು, ಸ್ಪ್ರಿಂಗಿನದನ್ನು ತಪ್ಪು ಹೇಳಲಾರಳು.

ಹೊಸ ಆಟೊಮ್ಯಾಟಿಕ್ ರೈಫಲ್ ಬಂದ ಮೇಲೆ ಅವಳ ನೆಮ್ಮದಿ ಹಾಳಾಯಿತು. ಪ್ರಯೋಗಕ್ಕೆಂದು ಅದು ಆಗಲೇ ಕೆಲವು ಪಡೆಗಳಿಗೆ ಹೋಗಿತ್ತು. ಮ್ಯಾಗಜಿನ್ ಮೇಲೆ ‘೩೦’ ಎಂದು ದೊಡ್ಡದಾಗಿ ಅಚ್ಚೊತ್ತಿದ್ದಾರೆ. ಆದರೆ ಮೂವತ್ತನ್ನೂ ತುಂಬಿ ಒಂದು ವಾರ ಇಟ್ಟರೆ ಸ್ಪ್ರಿಂಗ್ ಸೋತುಹೋಗುತ್ತದೆ. ಬಡಬಡನೆ ಹಾರಿಸುವಾಗ ಮುಂದಿನ ಗುಂಡನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಡುವುದಿಲ್ಲ, ರೈಫಲ್ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪ್ರಿಂಗಿಗೆ ಒಳ್ಳೆಯ ತಂತಿ ಹಾಕಿದರೆ ಮುಗಿಯಿತು. ಅದನ್ನೇ ಮ್ಯಾನೇಜರಿಗೆ ಮೂರು ಸಲ ಬರೆದುಕೊಟ್ಟಳು. ಮೂರು ಸಲವೂ ಒಂದೇ ಉತ್ತರ: ‘ಸೈನ್ಯದಿಂದ ದೂರು ಬಂದಿಲ್ಲ.’ ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೂ ಒಂದು ಮಿತಿ ಬೇಡವೇ? ಸೋಮವಾರ ಮ್ಯಾಗಜಿನ್ನಿನ ನಕ್ಷೆಗೆ ಒಪ್ಪಿಗೆಯ ಮೊಹರು ಬೀಳುವುದಿತ್ತು. ಆಮೇಲೆ ಎರಡು ಲಕ್ಷ ಮ್ಯಾಗಜಿನ್ ಅದೇ ಸೋಲುವ ಸ್ಪ್ರಿಂಗಿನೊಂದಿಗೆ ಗಡಿಗೆ ಹೋಗುತ್ತವೆ.

ಶನಿವಾರ ಅವಳ ತಮ್ಮ ರಜೆಯ ಮೇಲೆ ಮನೆಗೆ ಬಂದ. ಸೈನ್ಯದ ಪಡೆಯೊಂದರಲ್ಲಿ ರೈಫಲ್‌ಗಳನ್ನು ರಿಪೇರಿ ಮಾಡುವುದೇ ಅವನ ಕೆಲಸ. ಚಪ್ಪಲಿ ಬಿಡುವ ಮೊದಲೇ ಅವಳು ಕೇಳಿದಳು.

“ನಿಜ ಹೇಳೋ, ನಿಮ್ಮಲ್ಲಿ ಈ ರೈಫಲ್ ಸಿಕ್ಕಿಹಾಕಿಕೊಳ್ಳೋದೇ ಇಲ್ವಾ?”

“ಯಾಕೆ ಸಿಕ್ಕಿಹಾಕಿಕೊಳ್ಳತ್ತೆ ಅಕ್ಕ? ನಾವು ತುಂಬೋದೇ ಇಪ್ಪತ್ತೆಂಟು.”

“ಮೂವತ್ತು ಅಂತ ಬರೆದಿದೆಯಲ್ಲೋ!”

“ಬರೆದಿರ್ತಾರೆ. ಹೊಸಬರು ಬಂದ ದಿನವೇ ಹವಾಲ್ದಾರರು ಪಾಠ ಮಾಡ್ತಾರೆ, ಬರೆದದ್ದಕ್ಕಿಂತ ಎರಡು ಕಡಿಮೆ ತುಂಬಿ ಅಂತ. ಹಿಂದಿನ ರೈಫಲ್ಲಿಗೂ ಹಾಗೇ ಇತ್ತು.”

ಅವಳಿಗೆ ಮೈಯೆಲ್ಲ ಉರಿಯಿತು. ಇಲ್ಲಿ ತಾನು ಬಡಿದುಕೊಳ್ಳುತ್ತಿದ್ದರೆ, ಅಲ್ಲಿ ಇವರು ಹೊಂದಿಕೊಂಡು ಕೂತಿದ್ದಾರೆ! ದೂರು ಎಲ್ಲಿಂದ ಬರಬೇಕು?

“ನಿಮ್ಮ ಜಾಣತನಕ್ಕಿಷ್ಟು ಬೆಂಕಿ ಹಾಕ. ಒಂದು ದೂರು ಬರಿ.”

“ಎರಡು ಗುಂಡಿಗೋಸ್ಕರ ಯಾರಕ್ಕ ದೂರು ಬರೀತಾರೆ?”

“ಆ ಎರಡು ಗುಂಡು ಬೇಕಾದ ದಿನ, ದೂರು ಬರೆಯೋಕೆ ನೀವು ಇರ್ತೀರೇನೋ?”

ತಮ್ಮ ಚಹಾದ ಲೋಟ ಬದಿಗಿಟ್ಟ. ಆಮೇಲೆ ಕಾಗದ ಕೇಳಿ ಬರೆದ: ‘ಮೂವತ್ತು ತುಂಬಲು ಆಗುವುದಿಲ್ಲ. ಇಪ್ಪತ್ತೆಂಟಕ್ಕಿಂತ ಹೆಚ್ಚು ತುಂಬಿದರೆ ಸಿಕ್ಕಿಹಾಕಿಕೊಳ್ಳುತ್ತದೆ.’ ಸಹಿ, ಹುದ್ದೆ, ಪಡೆಯ ಸಂಖ್ಯೆ ಎಲ್ಲವನ್ನೂ ಹಾಕಿದ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಅದನ್ನು ಓದಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಕುರ್ಚಿ ತೋರಿಸಿದರು.

“ನೋಡಮ್ಮ, ಇದನ್ನೇ ಕೇಳ್ತಿದ್ದದ್ದು. ಸೈನ್ಯವೇ ಹೇಳಿದ ಮೇಲೆ ಮುಗೀತು. ಇವತ್ತೇ ನಕ್ಷೆ ಬದಲಾಯಿಸ್ತೀವಿ.”

ಅವತ್ತು ಅವಳು ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಮನೆಗೆ ಬಂದಳು.

ತಿಂಗಳ ಮೇಲೆ ಹೊಸ ನಕ್ಷೆ ಅವಳ ಮೇಜಿಗೆ ಬಂತು. ಮೊದಲು ತಂತಿಯ ಸಾಲು ನೋಡಿದಳು. ಅದೇ ತಂತಿ. ಅದೇ ಸುತ್ತು. ಕನ್ನಡಕ ಒರೆಸಿ ಮತ್ತೆ ನೋಡಿದಳು. ಬದಲಾಗಿದ್ದದ್ದು ಒಂದೇ: ಹೊರಗಿನ ಅಚ್ಚು. ‘೩೦’ ಇದ್ದಲ್ಲಿ ‘೨೮’. ಕೆಳಗೆ ಟಿಪ್ಪಣಿ: ‘ಸೈನ್ಯದ ಕೋರಿಕೆಯಂತೆ.’ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಬಗ್ಗೆ ಕೇಳಿದ್ದಳು, ಈಗ ಕಣ್ಣಾರೆ ಕಂಡಳು. ಮ್ಯಾನೇಜರ್ ಬಳಿ ಓಡಿದರೆ, “ದೂರಿನಲ್ಲಿ ಬರೆದದ್ದನ್ನೇ ಮಾಡಿದ್ದೀವಲ್ಲಮ್ಮ?” ಎಂದು ಫೈಲು ಮುಚ್ಚಿದರು.

ಮೊದಲ ಪೆಟ್ಟಿಗೆಗಳು ಪಡೆ ತಲುಪಿದ ವಾರ ತಮ್ಮನಿಗೆ ಫೋನ್ ಮಾಡಿದಳು.

“ಬಂತೇನೋ ಹೊಸ ಮ್ಯಾಗಜಿನ್?”

“ಬಂತಕ್ಕ.” ಅವನ ದನಿ ಬಿದ್ದುಹೋಗಿತ್ತು.

“ಹೋಗ್ಲಿ ಬಿಡು. ಬರೆದದ್ದೂ ತುಂಬೋದೂ ಈಗಲಾದ್ರೂ ಒಂದೇ ಆಯ್ತಲ್ಲ.”

“ಎಲ್ಲಿ ಆಯ್ತು? ಇಪ್ಪತ್ತೆಂಟು ತುಂಬಬಹುದು, ನಾನೇ ನೋಡಿದ್ದೀನಿ ಅಂತ ಬಾಯಿ ಬಡ್ಕೊಂಡೆ. ಹವಾಲ್ದಾರರು ಕೇಳಬೇಕಲ್ಲ. ಬರೆದದ್ದಕ್ಕಿಂತ ಎರಡು ಕಡಿಮೆ ಅಂದ್ರೆ ಎರಡು ಕಡಿಮೆ ಅಂತಾರೆ.”

“ಅಂದ್ರೆ?”

“ಇವತ್ತಿಂದ ಇಪ್ಪತ್ತಾರು.”