ಮುನಿಗಂಗಮ್ಮನ ಹುಳುಮನೆಗೆ ನಮ್ಮ ಬಳಗ

ಕೋಲಾರದ ನಮ್ಮ ಮುಕ್ತ ತಂತ್ರಾಂಶ ಬಳಗದಲ್ಲಿ ಎಲ್ಲರೂ ಒಪ್ಪದೆ ಏನನ್ನೂ ಬದಲಾಯಿಸುವಂತಿಲ್ಲ. ಎಲ್ಲರೂ ಒಪ್ಪುವುದು ಯಾವತ್ತೂ ಇಲ್ಲ. ಇದಕ್ಕೆ ನಾವು ಆವಿಷ್ಕಾರ ಎನ್ನುತ್ತೇವೆ.

ಇಷ್ಟು ವರ್ಷದಲ್ಲಿ ನಾವು ಕಡಿದು ಕಟ್ಟೆ ಹಾಕಿದ್ದು ಒಂದೇ, ರೇಷ್ಮೆ ಸಾಕುವವರಿಗೊಂದು ಆ್ಯಪ್. ಹುಳುಮನೆಯ ಗೋಡೆಗೆ ಸಿಕ್ಕಿಸಿದ ಪುಟ್ಟ ಯಂತ್ರ ಸೆಕೆ ಅಳೆಯುತ್ತದೆ. ಸೆಕೆ ಏರಿದರೆ ಫೋನಿಗೆ ಸದ್ದಿಲ್ಲದೆ ಒಂದು ಸಂದೇಶ ಬಂದು ಕೂರುತ್ತದೆ. ಹುತ್ತೂರಿನ ಮುನಿಗಂಗಮ್ಮ ಸಂತೆಗೆ ಹೋಗಿ ಫೋನ್ ನೋಡದ ಒಂದು ಮಧ್ಯಾಹ್ನ ಹೋದ ಬೆಳೆಯ ಹುಳುಗಳೆಲ್ಲ ಸತ್ತವು. ಈ ಬೆಳೆಯೂ ಹೋದರೆ ಹಿಪ್ಪುನೇರಳೆ ತೋಟವನ್ನೇ ಕಿತ್ತುಹಾಕುತ್ತೇನೆ ಎಂದಿದ್ದರು ಆಕೆ.

ನಮ್ಮ ಬಳಗದ ಮುಳಬಾಗಿಲಿನ ಬುಶ್ರಾ ಆ್ಯಪ್ ಅನ್ನು ಒಂದೇ ವಾರದಲ್ಲಿ ತಿದ್ದಿದಳು. ಸೆಕೆ ಏರಿದರೆ ಫೋನ್ ಎತ್ತುವ ತನಕ ಬಡಿದುಕೊಳ್ಳುತ್ತದೆ. ಬಳಗದ ಅಧ್ಯಕ್ಷ ಕಾಂತರಾಜ್ ಒಪ್ಪಲಿಲ್ಲ. ಕೇಳದೆ ಫೋನ್ ಕಿರುಚುವುದು ಬಳಕೆದಾರರ ಸ್ವಾತಂತ್ರ್ಯಕ್ಕೆ ಧಕ್ಕೆಯಂತೆ. ಥೂ, ನನಗೆ ಮೈಯೆಲ್ಲ ಉರಿಯಿತು. ಯಾರು ಬೇಕಾದರೂ ತಿದ್ದಿ ಹಂಚಬಹುದು ಅನ್ನುವುದೇ ನಮ್ಮ ಮೂಲಮಂತ್ರ ತಾನೇ? ಬುಶ್ರಾ ತನ್ನ ಪ್ರತಿಯನ್ನು ಮುನಿಗಂಗಮ್ಮನ ಫೋನಿಗೆ ಹಾಕಿ ಬಂದಳು. ಕಾಂತರಾಜ್ ಅದನ್ನು ದ್ರೋಹ ಎಂದ. ಅವಳನ್ನು ಬಳಗದಿಂದ ತೆಗೆಯುವ ಮೊದಲು ಬಳಕೆದಾರರ ಅಭಿಪ್ರಾಯ ಕೇಳಬೇಕೆಂದು ನಮ್ಮನ್ನೆಲ್ಲ ಹುತ್ತೂರಿಗೆ ಹೊರಡಿಸಿದ, ಬ್ಯಾನರ್ ಸಮೇತ.

ಮುನಿಗಂಗಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಅಭಿಪ್ರಾಯ ಆಮೇಲೆ, ಮೊದಲು ಫೋಟೊ ಎಂದು ಕಾಂತರಾಜ್ ಎಲ್ಲರನ್ನೂ ಹುಳುಮನೆಗೆ ನುಗ್ಗಿಸಿದ. ಒಳಗೆ ಕತ್ತಲು. ಕಿಟಕಿಗೆ ಕಟ್ಟಿದ್ದ ಒದ್ದೆ ಗೋಣಿಚೀಲಗಳನ್ನು ಬಿಚ್ಚಿಸಿದ. ಅವು ತಂಪಿಗೆ ಕಟ್ಟಿದ್ದು ಎಂದು ಬುಶ್ರಾ ಬಡಕೊಂಡಳು. ಎರಡೇ ನಿಮಿಷ ಎಂದವನು ವಿಡಿಯೊಗೆ ತಿರುಗಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಶುರು ಮಾಡಿದ. ಮಟಮಟ ಮಧ್ಯಾಹ್ನ, ತಗಡಿನ ಸೂರು, ಒತ್ತಿಕೊಂಡು ನಿಂತ ನಾವು.

ಭಾಷಣ ಮುಗಿಯಲಿಲ್ಲ. ತೋಟದ ಕಡೆಯಿಂದ ಫೋನ್ ಬಡಿದುಕೊಳ್ಳುವ ಸದ್ದು ಹತ್ತಿರವಾಗುತ್ತಾ ಬಂತು. ಮುನಿಗಂಗಮ್ಮ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು. ನಮ್ಮ ಚಪ್ಪಲಿಗಳನ್ನು ನೋಡಿದರು, ಬಿಚ್ಚಿಬಿದ್ದ ಗೋಣಿಚೀಲಗಳನ್ನು ನೋಡಿದರು. ಬುಶ್ರಾ ಆಗಲೇ ಬಿಂದಿಗೆಯ ನೀರಿನಲ್ಲಿ ಒಂದನ್ನು ಅದ್ದುತ್ತಿದ್ದಳು.

ಮುನಿಗಂಗಮ್ಮ ಬೈಯಲಿಲ್ಲ. ಕಾಂತರಾಜ್‌ನನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು:

"ಹೋದ್ಸಲ ನೀವು ಈ ಆ್ಯಪ್ ಉದ್ಘಾಟನೆ ಫೋಟೊಗೆ ಬಂದ್ ದಿನ ನಾನು ಸಂತೆಗೋಗಿದ್ದೆ ಕಣಪ್ಪಾ. ವಾಪಸ್ ಬಂದಾಗ ಚೀಲ ಎಲ್ಲಾ ಒಣಗಿ ನೆಲದ್ಮೇಲೆ ಬಿದ್ದಿದ್ವು. ಗಾಳಿಗೆ ಬಿದ್ದಿರ್ಬೇಕು ಅಂದ್ಕೊಂಡೆ ನಾನು."