ಗಟ್ಟಿಗನ ವ್ರತ ಮುಗಿದ ಬೆಳಗ್ಗೆ

ಮಂಜುಗಡ್ಡೆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗಟ್ಟಿಗ ಅಂತಲೇ ಕರೆಯುತ್ತಿದ್ದರು. ಆಳೆತ್ತರದ ಗಡ್ಡೆಗೆ ಕೊಕ್ಕೆ ಹಾಕಿ ಎಳೆದು ಲಾರಿಗೆ ಏರಿಸುವುದರಲ್ಲಿ ಅವನದು ಎತ್ತಿದ ಕೈ. ತಣ್ಣನೆಯ ಕೋಣೆಗೆ ಕಾಲಿಡುವ ಮುಂಚೆ ಬಾಗಿಲ ಬಳಿ ಎಲ್ಲರೂ ಒಂದೊಂದು ಗುಟುಕು ಸಾರಾಯಿ ಹಾಕುವುದು ಅಲ್ಲಿನ ರೂಢಿ. ಅದಿಲ್ಲದೆ ಚಳಿ ತಡೆಯಲಾಗದು ಎಂಬುದು ಅವರ ನಂಬಿಕೆ. ಹೋದ ವರ್ಷ ಗಟ್ಟಿಗ ಗುಟುಕಿನ ಮೇಲೆ ಗುಟುಕು ಹಾಕಿ ಒಳಗೇ ಕುಸಿದು ನಿದ್ದೆಹೋಗಿದ್ದ. ಜೀವ ಉಳಿದದ್ದೇ ಹೆಚ್ಚು, ಎಡಗಾಲಿನ ಎರಡು ಬೆರಳು ಹೋದವು.

ವರ್ಷಕ್ಕೊಮ್ಮೆ ಬರುವ ಉಪವಾಸದ ವ್ರತದ ದಿನಗಳಲ್ಲಿ ಮಾತ್ರ ಅವನು ಬಾಟಲಿ ಮುಟ್ಟುವವನಲ್ಲ. ಹಗಲೆಲ್ಲ ಹಸಿದಿದ್ದು, ಅದೇ ಚಳಿಯಲ್ಲಿ ಅದೇ ಗಡ್ಡೆ ಎಳೆಯುತ್ತಿದ್ದ. ಈ ಸಲದ ವ್ರತ ನಿನ್ನೆ ಮುಗಿದಿತ್ತು. ಬೆಳಗ್ಗೆ ಅವನು ಪೆಟ್ಟಿಗೆಯ ಹಿಂದಿನಿಂದ ಬಾಟಲಿ ತೆಗೆದಾಗ ಹೆಂಡತಿ ಕೈಗೆಲಸ ಬಿಟ್ಟು ಎದ್ದು ಬಂದಳು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿ ಅಲ್ಲೇ ಚಹಾ ಕುಡಿಯುತ್ತಿದ್ದಳು.

“ಇಷ್ಟು ದಿನ ಚಳಿ ಹೇಗೆ ತಡ್ಕೊಂಡ್ರಿ ಭಾವ?”

“ದೇವರು ಕಾಯ್ದ. ವ್ರತ ಮುಗೀತಲ್ಲ, ಇನ್ನು ಇದೇ ಕಾಯ್ಬೇಕು.”

ನಾದಿನಿ ಬಿಡಿಸಿ ಹೇಳಿದಳು. ಕುಡಿದಾಗ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗೆನಿಸುತ್ತದೆ, ಅಷ್ಟೇ. ಮೈಯೊಳಗಿನ ಬಿಸಿ ಅದೇ ದಾರಿಯಲ್ಲಿ ಹೊರಗೆ ಸೋರಿಹೋಗುತ್ತದೆ. ಬುದ್ಧಿ ಮಂಕಾಗಿ, ಅಪಾಯ ಬಂದದ್ದೂ ತಿಳಿಯುವುದಿಲ್ಲ. ಹೋದ ವರ್ಷ ಆದದ್ದೂ ಅದೇ.

ಗಟ್ಟಿಗ ನಂಬಲಿಲ್ಲ. ತನ್ನಪ್ಪನೂ ಹೀಗೇ ದುಡಿದದ್ದು, ಫ್ಯಾನಿನ ಕೆಳಗೆ ಕೂತವರಿಗೆ ಚಳಿಯ ಸಂಗತಿ ಏನು ಗೊತ್ತು ಎಂದು ಗೊಣಗಿದ. ಆಗ ಹೆಂಡತಿ ಬಾಯಿಬಿಟ್ಟಳು.

“ಹೊಟ್ಟೆಗಿಲ್ಲದೆ ಗಡ್ಡೆ ಎಳೆದವರು ನೀವು. ಅದನ್ನ ನಾನು ಬೀದೀಲೆಲ್ಲ ಹೆಮ್ಮೆಯಿಂದ ಹೇಳ್ಕೊಂಡು ಬಂದಿದೀನಿ. ವ್ರತಕ್ಕೆ ಬಿಟ್ಟಿದ್ದನ್ನ ವ್ರತ ಮುಗಿದ ಮೇಲೆ ಮತ್ತೆ ಹಿಡೀಲೇಬೇಕು ಅಂತ ಯಾವ ದೇವರು ಹೇಳಿದಾನೆ?”

ಗಟ್ಟಿಗ ಎಡಗಾಲಿನ ಬೂಟಿನೊಳಗೆ, ಬೆರಳಿಲ್ಲದ ಜಾಗಕ್ಕೆ, ದಿನದಂತೆ ಬಟ್ಟೆ ತುರುಕಿದ. ಆಮೇಲೆ ಎದ್ದು ಬಾಟಲಿಯನ್ನು ಬಚ್ಚಲಿಗೆ ಸುರಿದ. ಅದೇ ಕೈಯಲ್ಲಿ ಫ್ಲಾಸ್ಕ್ ತಂದು ಹೆಂಡತಿಯ ಮುಂದೆ ಹಿಡಿದ.

ಬಿಸಿ ಚಹಾ ತುಂಬಿಕೊಟ್ಟ ಹೆಂಡತಿ ಬೀದಿಯ ಕೊನೆಯ ಕಾರ್ಖಾನೆಯವರೆಗೂ ಜೊತೆಗೇ ಹೋದಳು. ವ್ರತ ಮುಗಿಸಿದವನಿಗೆಂದು ಜೊತೆಗಾರರು ಬಾಗಿಲಲ್ಲಿ ಬಾಟಲಿ ಹಿಡಿದು ಕಾಯುತ್ತಿದ್ದರು. ಗಟ್ಟಿಗ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮೊದಲ ಲೋಟ ಚಹಾ ಅವರಿಗೇ ಕೊಟ್ಟು, ಕೊಕ್ಕೆ ಹೆಗಲಿಗೇರಿಸಿ ಒಳಗೆ ನಡೆದ. ಹೆಂಡತಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಗಟ್ಟಿಗ ಎಂಬ ಹೆಸರು ಇವತ್ತು ಅವನಿಗೆ ಒಪ್ಪಿತು ಅಂದುಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ವ್ರತದ ದಿನಗಳಲ್ಲಿ ಚಳಿ, ಹಸಿವು, ಮೈನೋವು ತಡೆದುಕೊಂಡವರು ನೀವೇ. ಆ ಕಸುವು ಮಿಕ್ಕ ದಿನವೂ ನಿಮ್ಮಲ್ಲಿದೆ. ಚಳಿಗೆ ಬೆಚ್ಚನೆ ಬಟ್ಟೆ ಹಾಕಿ, ಬಿಸಿಯಾಗಿ ಏನಾದರೂ ಕುಡಿಯಿರಿ, ನಡುನಡುವೆ ಹೊರಗೆ ಬಂದು ಸುಧಾರಿಸಿಕೊಳ್ಳಿ. ದಿನವೂ ಕುಡಿಯುವ ಅಭ್ಯಾಸವಿದ್ದರೆ ಒಮ್ಮೆಲೇ ಬಿಡುವುದು ಅಪಾಯ, ಮೊದಲು ಆರೋಗ್ಯ ಕೇಂದ್ರಕ್ಕೆ ಬಂದು ಕೇಳಿ, ಆಮೇಲೆ ಬಿಡಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ದೇವರಿಗಾಗಿ ಬಿಡಬಲ್ಲ ನೀವು ಮನೆಯವರಿಗಾಗಿಯೂ ಬಿಡಬಲ್ಲಿರಿ.