ಗ್ಯಾಸ್ ಅಂದರೆ ಯಾರೂ ನೋಡಲು ಬರುವುದಿಲ್ಲ

ನನ್ನ ಗಂಡ ನಿತ್ಯಾನಂದರು ಮಂಗಳೂರಿನಲ್ಲಿ ಹಾರ್ಟ್ ರಿಪೇರಿ ಮಾಡಿಸಿಕೊಂಡು ಹಳದೀಪುರಕ್ಕೆ ಮರಳಿದ ದಿನದಿಂದ ನಮ್ಮ ಜಗುಲಿ ಬಸ್ ಸ್ಟ್ಯಾಂಡಾಯಿತು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಎರಡು ಬಾಳೆಹಣ್ಣು ತಂದರೆ ಅವರ ಗಂಟೇನು ಹೋಗುತ್ತಿತ್ತೋ! ಇಲ್ಲ, ಡಬ್ಬಿ ತುಂಬ ಅಡುಗೆಯೇ ಬರಬೇಕು. ಪಕ್ಕದ ಮನೆಯ ಈರಮ್ಮ ಬಂಗಡೆ ಮೀನಿನ ಸಾರು ತಂದಳು, ಕೇರಿಯ ತಿಮ್ಮಪ್ಪಣ್ಣ ಸಿಗಡಿ ಸುಕ್ಕಾ ತಂದ. ತಂದವರಿಗೂ ಎಲೆ ಹಾಕಬೇಕು, ಡಬ್ಬಿ ತೊಳೆದು ಅದರಲ್ಲಿ ಏನಾದರೂ ತುಂಬಿ ಕೊಡಬೇಕು.

ಇವರ ಎದೆಬಡಿತ ಲಯ ತಪ್ಪುತ್ತಿತ್ತು. ತೊಡೆಯ ರಕ್ತನಾಳದಿಂದ ಹೃದಯದವರೆಗೆ ತಂತಿ ತೂರಿಸಿ, ತರಲೆ ಮಾಡುವ ಜಾಗವನ್ನು ಸುಟ್ಟು ಸರಿಮಾಡಿದರು. ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. ಅನ್ನನಾಳ ಹೃದಯದ ಬೆನ್ನಿಗೇ ಇದೆ, ಅದಕ್ಕೂ ಬಿಸಿ ತಾಗಿರಬಹುದು. ಹೊಟ್ಟೆಯ ಹುಳಿ ಮೇಲೆ ಬಂದರೆ ಗಾಯ ಮಾಯುವುದಿಲ್ಲ. ಆರು ವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಈ ಮಾತ್ರೆ, ಖಾರ ಬೇಡ, ಉಂಡ ಕೂಡಲೇ ಮಲಗಬೇಡಿ. ಇವರು ಎಲ್ಲದಕ್ಕೂ ತಲೆಯಾಡಿಸಿದರು.

ಜಗುಲಿಯಲ್ಲಿ ಕೂತ ಮೇಲೆ ಡಾಕ್ಟರು ಯಾರು, ನಾನು ಯಾರು? ಮೊದಲ ದಿನ ಇವರ ಕಥೆಯಲ್ಲಿ ತಂತಿ ಒಂದು ಮಾರು ಇತ್ತು. ವಾರ ಕಳೆಯುವಷ್ಟರಲ್ಲಿ ಅದು ಹೊನ್ನಾವರದ ಸೇತುವೆಯಷ್ಟಾಯಿತು. ಡಾಕ್ಟರೇ ಬೆವರಿದರಂತೆ, ಇವರು ನಗುತ್ತಾ ಧೈರ್ಯ ಹೇಳಿದರಂತೆ.

"ಖಾರ ಕೊಡೂದು ಬೇಡ ಅಂದಾರೆ ಈರಮ್ಮಾ," ಎಂದೆ ಒಂದು ದಿನ.

"ಒಂದು ತುಂಡು ಮೀನಿಂದ ಎಂತ ಆಗ್ತದೆ ಮಾರಾಯ್ತಿ? ನಿಂಗೆ ಬಡಿಸೂಕೆ ಬೇಜಾರು, ಅಷ್ಟೇ."

ಹತ್ತನೇ ದಿನ ಮಧ್ಯಾಹ್ನ ಇವರು ಎದೆ ಹಿಡಿದುಕೊಂಡರು. "ವಿನುತಾ, ಉರೀತದೆ. ಹಾರ್ಟ್ ಮತ್ತೆ ಹಾಳಾತು."

ಆಟೋ ಹತ್ತಿಸಿ ಕುಮಟಾಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಇವರ ಕೈ ಬಿಡಲಿಲ್ಲ. ಅಲ್ಲಿಯ ಡಾಕ್ಟರಮ್ಮ ದಿವ್ಯಶ್ರೀ ಇಸಿಜಿ ಪಟ್ಟಿ ನೋಡಿ, "ಹೃದಯ ಸರಿಯಾಗಿಯೇ ಬಡೀತಿದೆ. ಇದು ಆಸಿಡ್. ಬೆಳಗಿನ ಮಾತ್ರೆ ತಗೊಳ್ತಿದ್ದೀರಲ್ಲ?" ಎಂದರು.

ಇವರು ಫ್ಯಾನು ನೋಡತೊಡಗಿದರು.

"ಅದು ಬರೇ ಗ್ಯಾಸಿನ ಮಾತ್ರೆ ಅಲ್ದಾ? ಹಾರ್ಟಿನ ಮಾತ್ರೆ ಒಂದೂ ತಪ್ಪಿಸ್ಲಿಲ್ಲ."

"ಹಾಗಾದ್ರೆ ಆ ಮಾತ್ರೆ ಎಲ್ಲ ಎಂತ ಆತು?" ಎಂದೆ ನಾನು.

"ಬಂದವ್ರಿಗೆ ಕೊಟ್ಟೆ. ಉಂಡ ಮೇಲೆ ಎಲ್ಲರಿಗೂ ಹೊಟ್ಟೆ ಉಬ್ಬರ."

ನನ್ನ ಗಂಡನ ಜೀವ ಕಾಯಬೇಕಾದ ಮಾತ್ರೆ ತಿಮ್ಮಪ್ಪಣ್ಣನ ತೇಗು ಇಳಿಸಲು ಹೋಗಿತ್ತು! ಡಾಕ್ಟರಮ್ಮ ಮಂಗಳೂರಿಗೆ ಫೋನ್ ಮಾಡಿ ಮಾತಾಡಿದರು. ಆಮೇಲೆ ನಗದೆ ಹೇಳಿದರು. ಮಾತ್ರೆ ಇವತ್ತೇ ಶುರುವಾಗಬೇಕು. ನುಂಗುವಾಗ ನೋವು, ಜ್ವರ ಏನೇ ಬಂದರೂ ಒಂದು ಗಳಿಗೆ ತಡ ಮಾಡದೆ ಹೊರಡಬೇಕು. ಒಳಗೆ ಗಾಯ ತೂತಾಗುವುದು ಅಪರೂಪ, ಆದರೆ ತೂತಾದರೆ ಜೀವ ಉಳಿಯುವುದು ಕಷ್ಟ.

ಹೊರಗೆ ಬಂದ ಮನುಷ್ಯ ಮೊದಲು ಆಡಿದ ಮಾತು ಇದು: "ಗ್ಯಾಸ್ ಅಂತ ಊರಲ್ಲಿ ಹೇಳ್ಬೇಡ. ಹಾರ್ಟ್ ಅಂತನೇ ಇರ್ಲಿ. ಮರ್ಯಾದೆ ಪ್ರಶ್ನೆ."

ಬಸ್ಸು ಹತ್ತಿದರೆ ಎದುರಿಗೇ ತಿಮ್ಮಪ್ಪಣ್ಣ. "ಮತ್ತೆ ಹಾರ್ಟಿಂದೇ ತೊಂದ್ರೆಯಾ?" ಎಂದ. ಇವರು ಮುಖ ಗಂಭೀರ ಮಾಡಿ ಎದೆಯ ಮೇಲೆ ಕೈಯಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಇವರ ಮರ್ಯಾದೆ ಉಳಿಸಲು ಹೋದರೆ ಇವರೇ ಉಳಿಯುವುದಿಲ್ಲ.

"ಗ್ಯಾಸ್," ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ಬರೇ ಗ್ಯಾಸ್. ನಿಮ್ಮ ಸಿಗಡಿ ಸುಕ್ಕಾದಿಂದ ಬಂದದ್ದು. ಆರು ವಾರ ನಮ್ಮನೆಗೆ ಯಾರೂ ಡಬ್ಬಿ ತರೂದು ಬೇಡ."

ಕಂಡಕ್ಟರನೂ ತಿರುಗಿ ನೋಡಿದ. ಮುಂದಿನ ಸೀಟಿನ ಹೆಂಗಸು ಜೀರಿಗೆ ನೀರು ಕುಡಿಸಿ ಎಂದಳು. ಇವರು ಹಳದೀಪುರ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮರುದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಡಬ್ಬಿಯಿಲ್ಲದೆಯೂ ಬರಬಹುದಿತ್ತಲ್ಲ! ಹಾರ್ಟಿನವರನ್ನು ನೋಡಲು ಭಟ್ಕಳದಿಂದಲೂ ಜನ ಬರುತ್ತಾರೆ, ಗ್ಯಾಸಿನವರನ್ನು ನೋಡಲು ಪಕ್ಕದ ಮನೆಯವರೂ ಇಸ್ತ್ರಿ ಅಂಗಿ ಹಾಕುವುದಿಲ್ಲ. ಇವರು ಮಾತ್ರೆ ನುಂಗಿ, ಗಂಜಿ ಕುಡಿದು, ಒಗೆದ ಲುಂಗಿ ಉಟ್ಟು ಜಗುಲಿಯಲ್ಲಿ ಕೂರುತ್ತಿದ್ದರು. ಉರಿ ದಿನದಿಂದ ದಿನಕ್ಕೆ ಇಳಿಯಿತು, ಮುಖವೂ ಇಳಿಯಿತು.

ಐದನೇ ದಿನ, "ಈರಮ್ಮನೂ ಬರ್ಲಿಲ್ಲ," ಎಂದರು.

ಗೆದ್ದವಳು ನಾನು, ಖುಷಿಪಡಬೇಕಿತ್ತು. ಆದರೆ ಆ ಮುಖ ನೋಡಿ ಒಲೆ ಆರಿಸಿದೆ. ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತೆ. "ನಂಗೆ ಹೇಳಿ. ಒಳಗೆ ಎಂತೆಂತ ಆತು?"

"ನೀ ಅಲ್ಲೇ ಇದ್ದೆ ಅಲ್ದಾ?"

"ಬಾಗಿಲ ಹೊರಗಿದ್ದೆ."

ತಂತಿಯ ಉದ್ದ ಕೇಳಲು ನಾನು ಸಿದ್ಧಳಾದೆ. ತಂತಿಯ ಮಾತೇ ಬರಲಿಲ್ಲ.

"ಭಾರೀ ಚಳಿ ಇತ್ತು," ಎಂದರು. "ಹೆದರಿಕೆ ಆತು. ವಿನುತಾನ್ನ ಕರೀರಿ ಅಂದೆ. ಒಳಗೆ ಬಿಡೂದಿಲ್ಲ ಅಂದ್ರು. ಮತ್ತೂ ಕರೀರಿ ಅಂದೆ. ಆಮೇಲೆ ನಿದ್ದೆ ಬಂತು."

"ಊರಿಗೆಲ್ಲ ಕಥೆ ಹೇಳಿದ್ರಿ, ನಂಗೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಬಂದವ್ರಿಗೆ ಬಡಿಸ್ತಾ ಇದ್ದೆ," ಎಂದರು. "ಕೂತದ್ದೇ ಇವತ್ತು."